ಬೈರಿಗೆಯ ನಡುಕ ಬಿಡಿಸಿದ ಗಾಳಿ

ಹೋದ ತಿಂಗಳು ಕೆಳದವಡೆಯ ಒಂದು ಹಲ್ಲಿಗೆ ಸಿಮೆಂಟ್ ತುಂಬಿಸಿಕೊಳ್ಳಲು ಹೋಗಿದ್ದೆ. ಕುರ್ಚಿ ಹಿಂದಕ್ಕೆ ವಾಲಿತು, ಮುಖದ ಮೇಲೆ ದೀಪ ಬಿತ್ತು, ಬಾಯಿಯ ಮೂಲೆಗೆ ಎಂಜಲು ಹೀರುವ ಕೊಳವೆ ಸಿಕ್ಕಿಸಿದರು. "ನೋವಾದ್ರೆ ಎಡಗೈ ಎತ್ತಿ ಸರ್, ತಲೆ ಮಾತ್ರ ಅಲ್ಲಾಡಿಸ್ಬೇಡಿ" ಅಂದರು ಡಾಕ್ಟರಮ್ಮ. ಪಕ್ಕದಲ್ಲಿದ್ದ ಸಹಾಯಕಿಯ ಕಡೆ ತಿರುಗಿ, "ಏರೋಟರ್‌ಗೆ ಹೊಸ ಬರ್ ಹಾಕಿ ಕೊಡಮ್ಮ" ಎಂದರು. ಏರೋಟರ್ ಅಂದರೆ ಹಲ್ಲು ಕೊರೆಯುವ ಯಂತ್ರ, ಬರ್ ಅದರ ಮೊನೆ. ಆಮೇಲೆ ಶುರುವಾಯಿತು ಆ ಸದ್ದು. ಕಿವಿ ಪಕ್ಕದ ಸೊಳ್ಳೆಗೆ ದೆವ್ವ ಮೆಟ್ಟಿಕೊಂಡ ಹಾಗೆ. ನನ್ನ ಎರಡೂ ಕೈ ತಾವಾಗಿಯೇ ಕುರ್ಚಿಯ ತೋಳನ್ನು ಬಿಗಿಹಿಡಿದವು. ನೋವು ಮಾತ್ರ ಬರಲೇ ಇಲ್ಲ. ಸೂಜಿಮದ್ದು ಕೊಟ್ಟಿರಲಿಲ್ಲ, ಹುಳುಕು ಆಳಕ್ಕೆ ಇಳಿದಿರಲಿಲ್ಲ ನಿಜ. ಆದರೂ ಹಲ್ಲಿನಲ್ಲಿ ಏನೋ ನಡೆಯುತ್ತಿದೆ ಎಂಬ ಸುಳಿವು ಕೂಡ ಸರಿಯಾಗಿ ಸಿಗದ ಹಾಗೆ ಕೊರೆಯುವ ಕೆಲಸ ಮುಗಿದುಹೋಯಿತು.

ಬಾಯಿ ಮುಕ್ಕಳಿಸುತ್ತಾ ಇನ್ನೊಂದು ಕುರ್ಚಿ ನೆನಪಾಯಿತು. ಹುಡುಗನಾಗಿದ್ದಾಗ ಅಪ್ಪ ಕೈ ಹಿಡಿದು ಎಳೆದುಕೊಂಡು ಹೋಗಿ ಕೂರಿಸಿದ್ದು. ಅದರ ಪಕ್ಕದಲ್ಲಿ ಮಡಚಿ ಬಿಚ್ಚುವ ಕಬ್ಬಿಣದ ತೋಳು, ತೋಳಿನ ಕೀಲುಕೀಲಿಗೂ ಪುಟ್ಟ ಗಾಲಿ, ಗಾಲಿಗಳ ಮೇಲೆ ಹೊಲಿಗೆ ಮಿಷನ್ನಿನ ಬೆಲ್ಟಿನಂತೆ ಓಡುವ ದಾರ. ದಾರದ ಗಂಟು ಗಾಲಿಯ ಮೇಲೆ ಹಾದಾಗಲೆಲ್ಲ ಟಕ್, ಟಕ್. ಸದ್ದಿನ ಮಟ್ಟಿಗೆ ಅದು ಪಾಪ, ಗೊರಗೊರ ಎನ್ನುವ ಮುದುಕ. ಅದರ ನಡುಕವಿತ್ತಲ್ಲ, ಅದನ್ನು ಮರೆಯುವ ಹಾಗಿಲ್ಲ. ಹಲ್ಲಿನಿಂದ ದವಡೆಗೆ, ದವಡೆಯಿಂದ ಬುರುಡೆಗೆ ಏರಿ, ತಲೆಯೊಳಗೆ ಯಾರೋ ರಾಗಿಕಲ್ಲು ಬೀಸುತ್ತಿರುವಂತೆ.

ಆ ರಾಗಿಕಲ್ಲು ನಿಂತದ್ದು ಹೇಗೆ ಅನ್ನುವುದು ನನ್ನ ಈ ಬರಹದ ವಿಷಯ. ಅದನ್ನು ನಿಲ್ಲಿಸಿದವರು ಹಿಡಿದ ದಾರಿ ನಾವು ಊಹಿಸುವುದಕ್ಕೆ ತೀರಾ ತಿರುಗುಮುರುಗು.

ಹಲ್ಲು ಕೊರೆಯುವುದು ಹೊಸ ವಿದ್ಯೆಯೇನಲ್ಲ. ಈಗಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಮೆಹರ್‌ಗಢ ಎಂಬ ನವಶಿಲಾಯುಗದ ನೆಲೆಯಿದೆ. ಅಲ್ಲಿನ ಸಮಾಧಿಗಳಲ್ಲಿ ಒಂಬತ್ತು ಜನರ ಹನ್ನೊಂದು ದವಡೆಹಲ್ಲುಗಳಲ್ಲಿ ಅಚ್ಚುಕಟ್ಟಾಗಿ ಕೊರೆದ ತೂತುಗಳು ಸಿಕ್ಕವು. ಇಂದಿಗೆ 7,500ರಿಂದ 9,000 ವರ್ಷಗಳ ಹಿಂದಿನವು. 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಸುದ್ದಿ ಬಂತು. ಊರಿನಲ್ಲಿ ಮಣಿ ಕೊರೆಯುವ ಕುಶಲಕರ್ಮಿಗಳಿದ್ದರು. ಅವರ ಚಕಮಕಿ ಕಲ್ಲಿನ ಮೊನೆಯೇ ಹಲ್ಲಿಗೂ ಬಂದಿರಬೇಕು. ಸಂಶೋಧಕರು ಅಂಥದೇ ಕಲ್ಲುಮೊನೆಯನ್ನು ಬಿಲ್ಲಿನ ಬೈರಿಗೆಗೆ ಕಟ್ಟಿ ತಿರುಗಿಸಿ ನೋಡಿದರೆ ಒಂದು ನಿಮಿಷದೊಳಗೆ ಎನಾಮಲ್ ತೂತಾಯಿತಂತೆ. ಆ ಹಳೆಯ ತೂತುಗಳ ಅಂಚು ಜಗಿದು ಜಗಿದು ಸವೆದಿದೆ. ಅಂದರೆ ಕೊರೆಸಿಕೊಂಡವರು ಬದುಕಿ, ಆಮೇಲೂ ಅದೇ ಹಲ್ಲಲ್ಲಿ ಉಂಡಿದ್ದಾರೆ.

ಬಿಲ್ಲು ಹಿಂದಕ್ಕೂ ಮುಂದಕ್ಕೂ ಎಳೆದರೆ ದಾರ ಸುತ್ತಿದ ಕಡ್ಡಿ ಆಚೆಗೊಮ್ಮೆ ಈಚೆಗೊಮ್ಮೆ ತಿರುಗುತ್ತದೆ. ನಮ್ಮ ಬಡಗಿಗಳ ಕೈಯಲ್ಲಿ ಮೊನ್ನೆಮೊನ್ನೆಯವರೆಗೂ ಇದ್ದದ್ದು ಇದೇ. ಫ್ರಾನ್ಸಿನ ಪಿಯೆರ್ ಫೋಶಾರ್, ಈಗಿನ ದಂತವೈದ್ಯಕ್ಕೆ ಪಿತಾಮಹ ಎನಿಸಿಕೊಂಡವರು, 1728ರ ತಮ್ಮ ದೊಡ್ಡ ಗ್ರಂಥದಲ್ಲಿ ಹೇಳಿದ್ದೂ ಬಿಲ್ಲಿನ ಬೈರಿಗೆಯನ್ನೇ. ಎಂಟು ಸಾವಿರ ವರ್ಷದಲ್ಲಿ ಕಲ್ಲುಮೊನೆ ಉಕ್ಕಾಯಿತು, ಅಷ್ಟೆ.

ಮುಂದಿನ ನೂರೈವತ್ತು ವರ್ಷ ಎಲ್ಲರೂ ಯೋಚಿಸಿದ್ದು ಒಂದೇ ಪ್ರಶ್ನೆ: ಬೈರಿಗೆಯನ್ನು ತಿರುಗಿಸಲು ಶಕ್ತಿ ಎಲ್ಲಿಂದ ತರೋಣ? ಜಾರ್ಜ್ ವಾಷಿಂಗ್ಟನ್‌ಗೆ ಹಲ್ಲಿನ ವೈದ್ಯನಾಗಿದ್ದ ಜಾನ್ ಗ್ರೀನ್‌ವುಡ್ ಸುಮಾರು 1790ರಲ್ಲಿ ತನ್ನ ತಾಯಿಯ ನೂಲುವ ರಾಟೆಯನ್ನೇ ಮಾರ್ಪಡಿಸಿ ಕಾಲಿನಿಂದ ತುಳಿದು ತಿರುಗಿಸಿದ. ಇಂಗ್ಲೆಂಡಿನ ಹ್ಯಾರಿಂಗ್‌ಟನ್ 1864ರಲ್ಲಿ ಗಡಿಯಾರದಂತೆ ಕೀಲಿ ಕೊಡುವ ಬೈರಿಗೆ ಮಾಡಿದ; ಒಮ್ಮೆ ಕೀಲಿ ಕೊಟ್ಟರೆ ಎರಡು ನಿಮಿಷ ಓಡುತ್ತಿತ್ತು. (ಎರಡು ನಿಮಿಷ ಕಳೆದ ಮೇಲೆ ಬಾಯಿ ತೆರೆದುಕೊಂಡೇ ಕೀಲಿ ತಿರುಗಿಸುವುದನ್ನು ಕಾಯುತ್ತಿದ್ದ ರೋಗಿಯ ಪಾಡು ನೆನೆಯಿರಿ.) ಅಮೆರಿಕದ ಜೇಮ್ಸ್ ಮಾರಿಸನ್ 1871ರಲ್ಲಿ ಪೇಟೆಂಟ್ ಪಡೆದ ಕಾಲ್ತುಳಿತದ ಯಂತ್ರ ಹೊಲಿಗೆ ಮಿಷನ್ನಿನ ಅಣ್ಣತಮ್ಮನಂತಿತ್ತು, ನಿಮಿಷಕ್ಕೆ 2,000 ಸುತ್ತಿನ ಆಸುಪಾಸು ತಿರುಗುತ್ತಿತ್ತು, ಊರೂರಿಗೆ ಹಬ್ಬಿತು. ಮಿಷಿಗನ್‌ನ ಕಲಮಜೂ ಊರಿನ ಜಾರ್ಜ್ ಗ್ರೀನ್ 1868ರಲ್ಲಿ ಕಾಲಿನಿಂದ ತಿದಿ ಒತ್ತಿ, ಕಮ್ಮಾರನ ಹಾಗೆ ಗಾಳಿ ಊದಿ, ಬೈರಿಗೆ ತಿರುಗಿಸಿ ನೋಡಿದ. 1875ರಲ್ಲಿ ಅದನ್ನು ಬಿಟ್ಟು ವಿದ್ಯುತ್ ಬೈರಿಗೆಗೆ ಪೇಟೆಂಟ್ ಪಡೆದ. ಚರಿತ್ರೆ ಅವನನ್ನು ನೆನೆಯುವುದು ವಿದ್ಯುತ್ತಿಗಾಗಿ. ಅವನು ಕೈಬಿಟ್ಟ ಗಾಳಿಯೇ ಕೊನೆಗೆ ಗೆಲ್ಲುತ್ತದೆಂದು ಆಗ ಯಾರಿಗೆ ಗೊತ್ತಿತ್ತು!

ಇವರೆಲ್ಲ ರಾಟೆ, ಸ್ಪ್ರಿಂಗು, ಪೆಡಲು ಎಂದು ತಲೆ ಓಡಿಸುತ್ತಿದ್ದಾಗ ಒಬ್ಬರು ಮಾತ್ರ ಕೈಯೊಳಗಿನ ಉಪಕರಣವನ್ನೇ ದಿಟ್ಟಿಸಿ ನೋಡಿದರು. ಇಲಿನಾಯ್ ರಾಜ್ಯದ ಗ್ರೀನ್ ವಾರ್ಡಿಮನ್ ಬ್ಲ್ಯಾಕ್. ಹಲ್ಲಿನ ವೈದ್ಯರ ಬಳಿ ಬೈರಿಗೆಯ ಜೊತೆಗೆ ಸಣ್ಣ ಸಣ್ಣ ಉಳಿ, ಬಾಚಿ, ಸೌಟುಗಳಿರುತ್ತವೆ. ಎನಾಮಲ್ ಅಂಚನ್ನು ಕೆತ್ತಲು, ಮೆತ್ತಗಾದ ಹುಳುಕನ್ನು ಕೆರೆದು ತೆಗೆಯಲು. ಬ್ಲ್ಯಾಕ್‌ಗಿಂತ ಮುಂಚೆ ಅವು ಒಬ್ಬೊಬ್ಬರ ಬಳಿ ಒಂದೊಂದು ತರ. ಬ್ಲ್ಯಾಕ್ ಪ್ರತಿ ಉಪಕರಣಕ್ಕೂ ಅದರ ಅಳತೆಯನ್ನೇ ಹೆಸರಾಗಿ ಇಟ್ಟರು. ಈಗಲೂ ಹಿಡಿಕೆಯ ಮೇಲೆ 10-8-14 ಎಂದು ಕೊರೆದಿರುವುದನ್ನು ನೋಡಬಹುದು. ಅಲಗಿನ ಅಗಲ ಮಿಲಿಮೀಟರಿನ ಹತ್ತನೇ ಭಾಗಗಳಲ್ಲಿ, ಅಂದರೆ 1 ಮಿ.ಮೀ.; ಉದ್ದ 8 ಮಿ.ಮೀ.; ಕೊನೆಯದು ಬಾಗು, ಪೂರ್ತಿ ವೃತ್ತವನ್ನು ನೂರು ಪಾಲು ಮಾಡಿದರೆ ಅದರಲ್ಲಿ 14 ಪಾಲು, ಸುಮಾರು 50 ಡಿಗ್ರಿ. ನಮ್ಮ ಬಡಗಿ "ಅರ್ಧ ಇಂಚಿನ ಉಳಿ ಕೊಡು" ಅನ್ನುವ ಹಾಗೆಯೇ, ಇನ್ನೂ ಕರಾರುವಾಕ್ಕಾಗಿ. ಈ ಕಸುಬಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕತ್ತು ಎಷ್ಟೇ ಬಾಗಿರಲಿ, ಅಲಗಿನ ತುದಿ ಹಿಡಿಕೆಯ ನಟ್ಟನಡುವಿನ ಗೆರೆಯಿಂದ ಎರಡು ಮೂರು ಮಿಲಿಮೀಟರಿಗಿಂತ ಆಚೆ ಹೋಗಬಾರದು. ಹೋದರೆ, ಒತ್ತಿದ ಕೂಡಲೇ ಉಪಕರಣ ಬೆರಳೊಳಗೇ ಹೊರಳುತ್ತದೆ. ಅದಕ್ಕೇ ಆ ಕತ್ತು ಒಮ್ಮೆ ಆಚೆ ಬಾಗಿ ಮತ್ತೆ ಈಚೆ ಬಾಗಿರುತ್ತದೆ, ಕೊಕ್ಕರೆಯ ಕತ್ತಿನಂತೆ. 1908ರ ಅವರ ಪುಸ್ತಕದ ಪಾಠಗಳನ್ನು ಒಂದು ಶತಮಾನ ಕಾಲ ದಂತವೈದ್ಯರು ಬಾಯಿಪಾಠ ಮಾಡಿದರು.

ಆದರೆ ಬೈರಿಗೆಯ ನಡುಕ ಹಾಗೇ ಉಳಿಯಿತು. ಕಾಲಿನ ಬದಲು ವಿದ್ಯುತ್ ಮೋಟಾರು ಬಂತು, ಮೋಟಾರಿನಿಂದ ಕೈಯವರೆಗೆ ದಾರ ಬಂತು, ನಾನು ಹುಡುಗನಾಗಿದ್ದಾಗ ಕೂತ ಕುರ್ಚಿಯ ಪಕ್ಕದ್ದು ಅದೇ ತಳಿ. 1940ರ ದಶಕದಲ್ಲೂ ವೇಗ ನಿಮಿಷಕ್ಕೆ ಕೆಲವು ಸಾವಿರ ಸುತ್ತಿನಲ್ಲೇ ಇತ್ತು.

ಇನ್ನು ಕತೆ ನ್ಯೂಜಿಲೆಂಡಿಗೆ ಹೋಗುತ್ತದೆ. ಡುನೀಡಿನ್, ಆ ದೇಶದ ದಕ್ಷಿಣ ದ್ವೀಪದ ಚಳಿ ಊರು. ಅಲ್ಲಿನ ಒಟಾಗೊ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಗೆ 1946ರಲ್ಲಿ ಹೊಸ ಡೀನ್ ಬಂದರು. ಹೆಸರು ಜಾನ್ ಪ್ಯಾಟ್ರಿಕ್ ವಾಲ್ಶ್. ಆಸ್ಟ್ರೇಲಿಯಾದವರು, ಮೂವತ್ತೈದರ ಆಸುಪಾಸಿನ ವಯಸ್ಸು, ದಂತವೈದ್ಯದ ಜೊತೆಗೆ ಸಾಮಾನ್ಯ ವೈದ್ಯಕೀಯವನ್ನೂ ಓದಿಕೊಂಡವರು.

ಅವರು ಬಂದು ಸೇರಿದ ದೇಶ ಹಲ್ಲಿನ ವಿಷಯದಲ್ಲಿ ವಿಚಿತ್ರದ್ದು. 1920ರ ದಶಕದಿಂದ ನ್ಯೂಜಿಲೆಂಡಿನಲ್ಲಿ ಶಾಲೆಗಳಿಗೆ ಅಂಟಿಕೊಂಡೇ ಹಲ್ಲಿನ ದವಾಖಾನೆಗಳಿದ್ದವು; ತರಬೇತಿ ಪಡೆದ ನರ್ಸ್‌ಗಳು ಮಕ್ಕಳ ಹಲ್ಲು ಕೊರೆದು ತುಂಬುತ್ತಿದ್ದರು. ಜಗತ್ತೇ ಹೊಗಳಿದ ಏರ್ಪಾಡು. ಮಕ್ಕಳು ಮಾತ್ರ ಆ ದವಾಖಾನೆಗೆ ಇಟ್ಟ ಹೆಸರು 'ಕೊಲೆಮನೆ'. ಪಾಠದ ನಡುವೆ ಚೀಟಿ ಬಂದು ಹೆಸರು ಕೂಗಿದರೆ ಹೋಗಬೇಕು, ಕುರ್ಚಿ ಏರಬೇಕು, ಕಾಲಿನಿಂದ ತುಳಿಯುವ ಬೈರಿಗೆ ನಿಧಾನಕ್ಕೆ ಗೊರಗುಟ್ಟುತ್ತಾ ಹಲ್ಲಿನ ಮೇಲೆ ಇಳಿಯಬೇಕು. ಆ ದೇಶದ ಒಂದೆರಡು ತಲೆಮಾರಿನವರ ಬಾಲ್ಯದ ನೆನಪುಗಳಲ್ಲಿ ಇದು ಈಗಲೂ ಬರುತ್ತದೆ.

ರೋಗಿ ಮುಖ ಹಿಂಡಿದರೆ ಕೊರೆಯುವವರಿಗೆ ತೋಚುವುದೇನು? ಸ್ವಲ್ಪ ನಿಧಾನ ಮಾಡೋಣ ಎಂದೇ. ವೇಗ ಅಂದರೆ ನೋವು, ವೇಗ ಅಂದರೆ ಬಿಸಿ, ವೇಗ ಅಂದರೆ ಕೈ ಜಾರುವ ಭಯ. ವಾಲ್ಶ್ ಇದನ್ನು ಪ್ರಯೋಗಕ್ಕೆ ಹಚ್ಚಿದರು. ಜನ ನಿಜವಾಗಿ ತಾಳಲಾರದ್ದು ಕೊರೆತವನ್ನೋ, ಕೊರೆತದ ಜೊತೆ ಬರುವ ಕಂಪನವನ್ನೋ? ಕಂಪನವಾದರೆ, ಯಾವ ವೇಗದ ಕಂಪನ? ಸಿಮ್ಮನ್ಸ್ ಎಂಬವರ ಜೊತೆ ಸೇರಿ 1949ರಲ್ಲಿ ಅವರು ನ್ಯೂಜಿಲೆಂಡಿನ ದಂತವೈದ್ಯರ ಪತ್ರಿಕೆಯಲ್ಲಿ ಬರೆದ ಲೇಖನಗಳಲ್ಲಿ ಒಂದು, ಕಂಪನದ ವೇಗಕ್ಕೂ ಅದು ಅರಿವಿಗೆ ಬರುವುದಕ್ಕೂ ಇರುವ ನಂಟನ್ನು ಕುರಿತದ್ದು. ಇನ್ನೊಂದರಲ್ಲಿ 3,000 ಸುತ್ತಿನಲ್ಲೂ 60,000 ಸುತ್ತಿನಲ್ಲೂ ಹಲ್ಲು ಕೊರೆದು, ಎಷ್ಟು ಬಿಸಿಯಾಗುತ್ತದೆ, ಎಷ್ಟು ಕೆಲಸವಾಗುತ್ತದೆ ಎಂದು ಹೋಲಿಸಿದ್ದಾರೆ.

ಲೆಕ್ಕ ಸರಳ. ನಿಮಿಷಕ್ಕೆ 3,000 ಸುತ್ತು ಅಂದರೆ ಸೆಕೆಂಡಿಗೆ 50. ಬೈರಿಗೆಯ ಮೊನೆ ಒಂದು ಕೂದಲೆಳೆಯಷ್ಟು ಓರೆಯಾಗಿದ್ದರೂ ಪ್ರತಿ ಸುತ್ತಿಗೆ ಹಲ್ಲನ್ನು ಒಮ್ಮೆ ಗುದ್ದುತ್ತದೆ. ಸೆಕೆಂಡಿಗೆ ಹತ್ತಾರರಿಂದ ನೂರಾರರವರೆಗಿನ ಗುದ್ದುಗಳಿಗೆ ನಮ್ಮ ಮೈ ಬಹಳ ಸೂಕ್ಷ್ಮ. ಮೊಬೈಲು ಜೇಬಿನಲ್ಲಿ ಗುರ್ ಎಂದರೆ ತೊಡೆಗೆ ತಿಳಿಯುವುದು ಅದಕ್ಕೇ. 60,000 ಸುತ್ತಾದರೆ ಸೆಕೆಂಡಿಗೆ 1,000. ಅಲ್ಲಿಗೆ ಬರುವ ಹೊತ್ತಿಗೆ ಗುದ್ದುಗಳನ್ನು ಬಿಡಿಬಿಡಿಯಾಗಿ ಹಿಡಿಯಲು ಮೈಗೆ ಆಗುವುದಿಲ್ಲ. ಸೀಲಿಂಗ್ ಫ್ಯಾನು ನಿಧಾನಕ್ಕೆ ತಿರುಗುವಾಗ ರೆಕ್ಕೆ ಎಣಿಸಬಹುದು. ಜೋರಾದರೆ ಕಣ್ಣಿಗೆ ಬರೀ ಮಸುಕು ತಟ್ಟೆ. ನರಗಳಿಗೂ ಹಾಗೇ.

ಹಾಗಾದರೆ ಮಾಡಬೇಕಾದದ್ದು ನಿಧಾನಿಸುವುದಲ್ಲ, ಹುಚ್ಚುಹುಚ್ಚಾಗಿ ವೇಗ ಹೆಚ್ಚಿಸುವುದು. ಎಷ್ಟು ಜನ ಕರುಣಾಳು ವೈದ್ಯರು ರೋಗಿಯ ಮೇಲಿನ ಕನಿಕರದಿಂದಲೇ ಪೆಡಲಿನ ಮೇಲೆ ಕಾಲು ಸಡಿಲಿಸಿ ರಾಗಿಕಲ್ಲನ್ನು ಇನ್ನಷ್ಟು ಬೀಸಿರಬಹುದು ಎಂದು ನನಗೆ ಅನ್ನಿಸುತ್ತದೆ.

ಹೆಚ್ಚಿಸುವುದು ಹೇಗೆ? ಮೂಲೆಯಲ್ಲಿ ಮೋಟಾರು, ಅಲ್ಲಿಂದ ನಾಲ್ಕೈದು ಗಾಲಿ ದಾಟಿ ಬರುವ ದಾರ, ಕೈಹಿಡಿಕೆಯೊಳಗೆ ಉದ್ದನೆ ಸರಳು, ಬಾಗಿದ ತಲೆಯಲ್ಲಿ ಹಲ್ಲುಚಕ್ರ, ಅದರ ತುದಿಗೆ ಮೊನೆ. ವೇಗ ಏರಿಸುತ್ತಾ ಹೋದರೆ ದಾರ ಜಾರುತ್ತದೆ, ಗಾಲಿ ಕಾಯುತ್ತದೆ, ಹಲ್ಲುಚಕ್ರ ಸವೆಯುತ್ತದೆ, ಒಂದೊಂದು ಕೀಲೂ ತನ್ನ ಪಾಲಿನ ನಡುಕ ಸೇರಿಸುತ್ತದೆ. ವಾಲ್ಶ್ ಅಷ್ಟನ್ನೂ ಗುಡಿಸಿ ಹಾಕುವ ಯೋಚನೆ ಮಾಡಿದರು. ಯಂತ್ರವನ್ನು ಮೂಲೆಯಿಂದ ಎತ್ತಿ ತಂದು ಬಾಯೊಳಗೆ ಹೋಗುವ ತಲೆಯಲ್ಲೇ ಕೂರಿಸಿಬಿಟ್ಟರೆ? ಅಷ್ಟು ಸಣ್ಣ ಜಾಗದಲ್ಲಿ ವಿದ್ಯುತ್ ಮೋಟಾರು ಕೂರದು. ಗಿರಗಿಟ್ಲೆ ಕೂರುತ್ತದೆ. ಜಾತ್ರೆಯಲ್ಲಿ ಕೊಂಡು ಗಾಳಿಗೆ ಹಿಡಿಯುವ ಕಾಗದದ ಗಿರಗಿಟ್ಲೆಯನ್ನು ಲೋಹದಲ್ಲಿ ಕಡಲೆಕಾಳಿನ ಗಾತ್ರಕ್ಕೆ ಇಳಿಸಿದರೆ ಹೇಗೋ ಹಾಗೆ. ಹಿಡಿಕೆಯ ಕೊಳವೆಯಲ್ಲಿ ಒತ್ತಡದ ಗಾಳಿ ಬರುತ್ತದೆ, ಚಕ್ರದ ಅಲಗುಗಳಿಗೆ ಬಡಿಯುತ್ತದೆ, ಚಕ್ರದ ನಡುವಿಗೇ ನೇರವಾಗಿ ಸಿಕ್ಕಿಸಿದ ಮೊನೆ ತಿರುಗುತ್ತದೆ. ಜೋಗದ ನೀರು ಟರ್ಬೈನು ತಿರುಗಿಸುವುದೂ ಇದೇ ತತ್ವ. ದಾರವಿಲ್ಲ, ಹಲ್ಲುಚಕ್ರವಿಲ್ಲ, ಚಲಿಸುವುದು ಆ ಪುಟ್ಟ ಚಕ್ರವೊಂದೇ. 1949ರಲ್ಲೇ ವಾಲ್ಶ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು.

ಆದರೆ ಕಾರ್ಖಾನೆಯಿಂದ ಹೊರಬಂದು ಜಗತ್ತು ಸುತ್ತಿದ್ದು ವಾಲ್ಶ್ ಅವರ ಉಪಕರಣವಲ್ಲ. 1950ರ ದಶಕ ಇದರ ಪೈಪೋಟಿಯ ಕಾಲ. ಟೆಕ್ಸಾಸ್‌ನ ರಾಬರ್ಟ್ ಬ್ಲ್ಯಾಕ್ ಮೊನೆಯನ್ನೇ ಬೇಡವೆಂದು, ಸಣ್ಣ ನಳಿಕೆಯಿಂದ ಗಡಸು ಪುಡಿಯನ್ನು ಹಲ್ಲಿನ ಮೇಲೆ ಊದಿ ಕೊರೆಯುವ ಯಂತ್ರ ಮಾಡಿದರು. 1951ರಲ್ಲಿ ಅದು ಮಾರಾಟಕ್ಕೂ ಬಂತು. ನಡುಕವೇ ಇಲ್ಲ. ಆದರೆ ನಳಿಕೆ ಹಲ್ಲನ್ನು ಮುಟ್ಟುವುದೇ ಇಲ್ಲವಲ್ಲ. ಎಷ್ಟು ಕೊರೆದೆ, ಗಟ್ಟಿ ಭಾಗ ಬಂತೇ ಎಂಬುದು ವೈದ್ಯರ ಬೆರಳಿಗೆ ತಿಳಿಯದು. ಜೊತೆಗೆ ಬಾಯಿ ತುಂಬ ಪುಡಿ. 1953ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಾಬರ್ಟ್ ನೆಲ್ಸನ್, ಪೆಲಾಂಡರ್, ಕುಂಪುಲಾ ಎಂಬ ಮೂವರು ಗಾಳಿಯ ಬದಲು ನೀರಿನಿಂದ ತಿರುಗುವ ಪುಟ್ಟ ಟರ್ಬೈನನ್ನು ಪ್ರಕಟಿಸಿದರು. 60,000 ಸುತ್ತು ಮುಟ್ಟಿತು. ನೀರು ಒತ್ತಲು ಪಂಪು ಬೇಕು, ಹೋದ ನೀರು ವಾಪಸು ಬರಲು ಇನ್ನೊಂದು ಕೊಳವೆ ಬೇಕು. 1955ರಲ್ಲಿ ಹಳೆಯ ದಾರದವರೂ ಹಟ ತೊಟ್ಟು ದಾರದಿಂದಲೇ ಲಕ್ಷ ಸುತ್ತು ದಾಟಿಸಿ ತೋರಿಸಿದರು.

1957ರಲ್ಲಿ ವಾಷಿಂಗ್ಟನ್ ನಗರದ ದಂತವೈದ್ಯ ಜಾನ್ ಬಾರ್ಡನ್ ಅವರ ಗಾಳಿಯ ಟರ್ಬೈನು ಬಂತು. ಹೆಸರು ಏರೋಟರ್. ವೇಗ ನಿಮಿಷಕ್ಕೆ ಸುಮಾರು 3,00,000 ಸುತ್ತು. ಅಲ್ಲಿಗೆ ಚರ್ಚೆ ಮುಗಿಯಿತು. ಕೆಲವೇ ವರ್ಷಗಳಲ್ಲಿ ದಾರದ ಬೈರಿಗೆಗಳು ಮೂಲೆ ಸೇರಿದವು. ನಾವು ಯಾವ ಕಂಪನಿಯ ಯಂತ್ರದಲ್ಲಿ ತೆಗೆಸಿದರೂ 'ಜೆರಾಕ್ಸ್' ಅನ್ನುವ ಹಾಗೆ, ವನಸ್ಪತಿಗೆಲ್ಲ 'ಡಾಲ್ಡಾ' ಅಂದ ಹಾಗೆ, ಬಾರ್ಡನ್ ಇಟ್ಟ ಆ ವ್ಯಾಪಾರದ ಹೆಸರು ನಮ್ಮ ದಂತವೈದ್ಯ ಕಾಲೇಜುಗಳಲ್ಲಿ ಜಾತಿವಾಚಕವಾಗಿ ಕೂತುಬಿಟ್ಟಿದೆ. ನನ್ನ ಡಾಕ್ಟರಮ್ಮ ಕೇಳಿ ಪಡೆದದ್ದು ಬೇರೆ ಯಾವುದೋ ಕಂಪನಿಯದು. ಆದರೂ ಅದು ಏರೋಟರ್ರೇ.

3,00,000 ಎಂಬ ಅಂಕಿ ನುಂಗುವುದು ಕಷ್ಟ. ಸೆಕೆಂಡಿಗೆ 5,000 ಸುತ್ತು. ಒಂದು ಮಿಲಿಮೀಟರ್ ದಪ್ಪದ ಮೊನೆಯಾದರೆ ಅದರ ಅಂಚು ಗಂಟೆಗೆ ಸುಮಾರು 57 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ನಿಮ್ಮ ಬಾಯೊಳಗೆ. ಹಳೆಯ ಉಕ್ಕಿನ ಮೊನೆ ಈ ವೇಗಕ್ಕೆ ಗಳಿಗೆಯಲ್ಲಿ ಮೊಂಡಾಗುತ್ತಿತ್ತು. ಅಷ್ಟರಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಮೊನೆ, ವಜ್ರದ ಪುಡಿ ಅಂಟಿಸಿದ ಮೊನೆ ಬಂದಿದ್ದವು. ಎನಾಮಲ್ ನಮ್ಮ ಮೈಯಲ್ಲೇ ಅತಿ ಗಡಸು ವಸ್ತು. ವಜ್ರಕ್ಕೆ ಅದು ಬೆಣ್ಣೆ. ಗಾಳಿ, ಮೊನೆ ಎರಡೂ ಒಟ್ಟಿಗೆ ಸಿಕ್ಕಿರದಿದ್ದರೆ ಏರೋಟರ್ ಒಂದು ಆಟಿಕೆಯಾಗಿ ಉಳಿಯುತ್ತಿತ್ತು.

ಕೆಲಸ ಮುಗಿಸಿ ಕೈಗವಸು ಬಿಚ್ಚುತ್ತಿದ್ದ ಡಾಕ್ಟರಮ್ಮನನ್ನು ಕೇಳಿದೆ: "ಇಷ್ಟು ಸ್ಪೀಡಲ್ಲಿ ಕೈ ತಪ್ಪಿದ್ರೆ ಏನು ಗತಿ?"

"ಇದಕ್ಕೆ ಶಕ್ತಿನೇ ಇಲ್ಲ ಸರ್, ಸ್ಪೀಡ್ ಅಷ್ಟೇ ಇರೋದು" ಎಂದು ನಕ್ಕರು. "ಜೋರಾಗಿ ಒತ್ತಿದ್ರೆ ನಿಂತೇ ಹೋಗತ್ತೆ. ಸೆಕೆಂಡ್ ಇಯರ್‌ನಲ್ಲಿ ಫ್ಯಾಂಟಮ್ ಅನ್ನೋ ಬೊಂಬೆ ತಲೆ ಮೇಲೆ ಕಲಿಸೋವಾಗ ಮೊದ್ಲು ಹೇಳೋದೇ ಒತ್ಬೇಡಿ ಅಂತ. ಕಲರ್ ಪೆನ್ಸಿಲ್ಲಲ್ಲಿ ತೆಳ್ಳಗೆ ಬಣ್ಣ ಹಚ್ತೀವಲ್ಲ, ಹಾಗೆ ಸವರ್ಬೇಕು."

ಇದು ನನಗೆ ಹೊಳೆದಿರಲಿಲ್ಲ. ಗಾಳಿಯ ಚಕ್ರಕ್ಕೆ ತಿರುಚುಬಲ ಕಡಿಮೆ. ಹಲ್ಲಿಗೆ ತಾಗಿಸಿದ ಕೂಡಲೇ ವೇಗ ಅರ್ಧದಷ್ಟು ಇಳಿಯುತ್ತದೆ, ಇನ್ನೂ ಒತ್ತಿದರೆ ಚಕ್ರ ಸುಮ್ಮನಾಗುತ್ತದೆ. ದಾರದ ಬೈರಿಗೆಯಲ್ಲಿ ಪಳಗಿದ ಕೈಗಳು ಭುಜದ ಬಲ ಹಾಕಿ ಒತ್ತಿ ಕೊರೆಯುವುದನ್ನು ಕಲಿತಿದ್ದವು. ಹೊಸ ಉಪಕರಣ ಬಂದ ಮೇಲೆ ಆ ಬಲವನ್ನೆಲ್ಲ ಮರೆಯಬೇಕಾಯಿತು. ಪೆನ್ನು ಹಿಡಿದ ಹಾಗೆ ಹಿಡಿದು, ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಗರಿ ತಾಗಿಸಿದಂತೆ ತಾಗಿಸಬೇಕು. ಮೆತ್ತನೆಯ ಹುಳುಕು ಬಂದಾಗ ಏರೋಟರ್ ಬೆರಳಿಗೆ ಏನೂ ಹೇಳುವುದಿಲ್ಲ. ಗಡಸೂ ಮೆದುವೂ ಅದಕ್ಕೆ ಒಂದೇ. ಅದಕ್ಕೇ ಎನಾಮಲ್ ಬಾಗಿಲು ತೆರೆಯುವಷ್ಟು ಕೆಲಸಕ್ಕೆ ಏರೋಟರ್, ಒಳಗಿನ ಹುಳುಕಿಗೆ ನಿಧಾನದ ಬೈರಿಗೆ ಅಥವಾ ಕೈಸೌಟು. ನನ್ನ ಹಲ್ಲಿನ ಕೆಲಸ ಮುಗಿದ ತಟ್ಟೆಯಲ್ಲಿ ಸಣ್ಣ ಸೌಟೊಂದು ಇತ್ತು. ಹಿಡಿಕೆಯ ಮೇಲೆ ಅಂಕಿಗಳೂ ಇದ್ದವು.

ವೇಗ ತಂದ ದೊಡ್ಡ ತಲೆನೋವು ಬಿಸಿ. ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಜೀವಂತ ತಿರುಳಿದೆ. 1965ರಲ್ಲಿ ಜ್ಯಾಕ್ ಮತ್ತು ಕೊಹೆನ್ ಎಂಬಿಬ್ಬರು ಕೋತಿಗಳ ಹಲ್ಲಿನ ಮೇಲೆ ನಡೆಸಿದ ಪರೀಕ್ಷೆ ಪ್ರಸಿದ್ಧ: ತಿರುಳಿನ ಬಿಸಿ ಐದೂವರೆ ಡಿಗ್ರಿ ಏರಿದರೆ ನೂರಕ್ಕೆ ಹದಿನೈದು ಹಲ್ಲುಗಳ ತಿರುಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ತಿರುಳಿನ ಈ ಅಪಾಯದಿಂದಾಗಿ ಏರೋಟರ್ ತಲೆಯಿಂದಲೇ ಮೊನೆಯ ಮೇಲೆ ನೀರು ಚಿಮ್ಮಿಸುವುದು ಕಡ್ಡಾಯವಾಯಿತು. ನೀರು ಚಿಮ್ಮಿದರೆ ಬಾಯಿ ತುಂಬುತ್ತದೆ. ಮೊದಲಿನ ಹಾಗೆ ನಿಮಿಷಕ್ಕೊಮ್ಮೆ ಎದ್ದು ಪಕ್ಕದ ಬೋಗುಣಿಗೆ ಉಗುಳುತ್ತಾ ಕೂತರೆ ಕೆಲಸ ಸಾಗದು. ಹೀರುವ ಕೊಳವೆ ಬಂತು. ಕೊಳವೆ ಹಿಡಿಯಲು ಪಕ್ಕದಲ್ಲಿ ಇನ್ನೊಬ್ಬರು ಬಂದರು. ರೋಗಿ ನೆಟ್ಟಗೆ ಕೂತಿದ್ದರೆ ಇಬ್ಬರ ನಾಲ್ಕು ಕೈಗೆ ಬಾಯಿ ಎಟುಕದು, ಕುರ್ಚಿ ಮಂಚದಂತೆ ಮಲಗಿತು. ಡಾಕ್ಟರು ದಿನವಿಡೀ ನಿಂತು ಬಾಗುತ್ತಿದ್ದವರು ಸ್ಟೂಲಿನ ಮೇಲೆ ಕೂತರು. ಹಲ್ಲಿನ ದವಾಖಾನೆಯ ಇಂದಿನ ಇಡೀ ಚಿತ್ರ ಆ ಕಡಲೆಕಾಳಿನಷ್ಟು ಚಕ್ರದ ಸುತ್ತ ಎದ್ದದ್ದು ಅಂದರೆ ಹೆಚ್ಚಲ್ಲ.

ಇನ್ನು ಸದ್ದು. ಸೆಕೆಂಡಿಗೆ 5,000 ಸುತ್ತು ಅಂದೆನಲ್ಲ, ಆ ಲೆಕ್ಕಕ್ಕೆ ಅದರ ಸ್ವರ ಪಿಯಾನೋದ ಕಟ್ಟಕಡೆಯ ಮನೆಗಿಂತಲೂ ಮೇಲೆ ಕೂರುತ್ತದೆ. ಮೈ ಹಿಡಿಯಲಾರದ ಕಂಪನವನ್ನು ಕಿವಿ ಚೆನ್ನಾಗಿ ಹಿಡಿಯುತ್ತದೆ. ವಾಲ್ಶ್ ಬುರುಡೆಯಿಂದ ಓಡಿಸಿದ ಭಯ ಹೋಗಿ ಕಿವಿಯಲ್ಲಿ ಮನೆ ಮಾಡಿತು. ಈಗಿನ ಮಕ್ಕಳು ಹೆದರುವುದು ಕಾಯುವ ಕೋಣೆಯಲ್ಲಿ, ಬಾಗಿಲ ಆಚೆಯಿಂದ ಬರುವ ಕೀರಲಿಗೆ. ನನ್ನ ಕೈಗಳು ಕುರ್ಚಿ ಹಿಡಿದದ್ದೂ ಅದಕ್ಕೇ. ಅರುವತ್ತು ವರ್ಷದಿಂದ ಎಂಜಿನಿಯರುಗಳು ಬೇರಿಂಗನ್ನು ಉಕ್ಕಿನಿಂದ ಸೆರಾಮಿಕ್‌ಗೆ ಬದಲಿಸಿ, ಚಕ್ರದ ಅಲಗು ತಿದ್ದಿ ಸದ್ದು ತಗ್ಗಿಸುತ್ತಾ ಬಂದಿದ್ದಾರೆ. ತಗ್ಗಿದೆ. ಹೋಗಿಲ್ಲ.

ಇನ್ನೊಂದು ಕೆಡುಕು ಕಣ್ಣಿಗೆ ಕಾಣದ್ದು. ಗಾಳಿ ನಿಂತ ಗಳಿಗೆಯಲ್ಲಿ ಚಕ್ರ ಇನ್ನೂ ತಿರುಗುತ್ತಲೇ ಇರುವುದರಿಂದ ಏರೋಟರಿನ ತಲೆಯೊಳಗೆ ಒತ್ತಡ ಇಳಿದು, ಬಾಯಿಯ ಎಂಜಲು, ರಕ್ತದ ಕಣ ಒಳಕ್ಕೆ ಎಳೆದುಕೊಳ್ಳಬಹುದು. ಹೊರಗಿನಿಂದ ಸ್ಪಿರಿಟ್ ಹಚ್ಚಿ ಒರೆಸಿದರೆ ಒಳಗಿನದು ಹೋಗದು. ಒಬ್ಬೊಬ್ಬ ರೋಗಿಗೂ ಬೇರೆ ಏರೋಟರ್, ಬಳಸಿದ್ದು ಆಟೊಕ್ಲೇವಿನ ಬಿಸಿ ಹಬೆಗೆ ಎಂಬ ನಿಯಮ ಇದಕ್ಕಾಗಿಯೇ. ಉಪಕರಣದ ಪೊಟ್ಟಣವನ್ನು ನಿಮ್ಮ ಎದುರೇ ಒಡೆಯಲಿ ಎಂದು ಕೇಳಿದರೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ಏರೋಟರ್ ಗೆದ್ದಮೇಲೂ ಕೈ ಉಪಕರಣ ಸೋಲಲಿಲ್ಲ ಎನ್ನುವುದನ್ನು ಇಲ್ಲೇ ಹೇಳಬೇಕು. ಗಾಳಿ ಬೇಕಾದರೆ ಕಂಪ್ರೆಸರ್ ಬೇಕು, ಕಂಪ್ರೆಸರಿಗೆ ಕರೆಂಟು ಬೇಕು. 1980ರ ದಶಕದ ನಡುವಿನಲ್ಲಿ ಟಾಂಜಾನಿಯಾದಲ್ಲಿ ಕೆಲಸ ಮಾಡುತ್ತಿದ್ದ ನೆದರ್ಲೆಂಡಿನ ಯೋ ಫ್ರೆಂಕೆನ್, ಎರಡೂ ಇಲ್ಲದ ಕಡೆ ಬರಿಯ ಕೈಸೌಟು, ಉಳಿಗಳಿಂದ ಹುಳುಕು ತೆಗೆದು ಸಿಮೆಂಟ್ ತುಂಬುವ ಪದ್ಧತಿ ಕಟ್ಟಿದರು. ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ಕಂಡುಹಿಡಿದು 1972ರಲ್ಲಿ ಪ್ರಕಟಿಸಿದ, ಹಲ್ಲಿಗೆ ತಾನೇ ಅಂಟಿಕೊಳ್ಳುವ ಗ್ಲಾಸ್ ಅಯನೊಮರ್ ಸಿಮೆಂಟು ಮುಂದೆ ಆ ಪದ್ಧತಿಗೆ ಜೊತೆಯಾಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎತ್ತಿ ಹಿಡಿಯಿತು. 2020ರಲ್ಲಿ ಕೋವಿಡ್ ಬಂದಾಗ ಏರೋಟರ್ ಎಬ್ಬಿಸುವ ಎಂಜಲಿನ ತುಂತುರಿಗೇ ಎಲ್ಲರೂ ಹೆದರಿದರು. ತಿಂಗಳುಗಟ್ಟಲೆ ಅದನ್ನು ಮುಟ್ಟಬೇಡಿ ಎಂದಾಯಿತು. ಆಗ ಗ್ರೀನ್ ವಾರ್ಡಿಮನ್ ಬ್ಲ್ಯಾಕ್ ಕಾಲದ ಸೌಟು ಮತ್ತೆ ಮುಂದಕ್ಕೆ ಬಂತು.

ವಾಲ್ಶ್ ಕಾಲು ಶತಮಾನ ಡುನೀಡಿನ್ನಿನಲ್ಲೇ ಡೀನ್ ಆಗಿದ್ದರು. 1960ರಲ್ಲಿ ಸರ್ ಪದವಿ ಬಂತು. ಆ ಶಾಲೆಯ ಕಟ್ಟಡಕ್ಕೆ ಅವರ ಹೆಸರಿದೆ. ತೀರಿಕೊಂಡದ್ದು 2003ರಲ್ಲಿ.

ಹೊರಡುವ ಮುಂಚೆ ಡಾಕ್ಟರಮ್ಮನನ್ನು ಇನ್ನೊಂದು ಕೇಳಿದೆ. ಎಡಗೈಯೇ ಯಾಕೆ? ಬಲಗೈ ಎತ್ತಿದರೆ ಏನಾಗುತ್ತದೆ? "ಬಲಗಡೆ ನಾನು ಕೂತಿರ್ತೀನಿ ಸರ್. ನನ್ನ ಕೈಗೆ ತಗುಲಿದ್ರೆ ಕಷ್ಟ" ಎಂದರು. ಏರೋಟರಿಗೆ ಗಾಳಿ ಬಿಡುವ ಪೆಡಲಿನಿಂದ ಡಾಕ್ಟರು ಕಾಲು ತೆಗೆದರೂ ಚಕ್ರ ತಕ್ಷಣ ನಿಲ್ಲುವುದಿಲ್ಲ, ಒಂದೆರಡು ಸೆಕೆಂಡು ತಿರುಗಿಯೇ ನಿಲ್ಲುವುದು. ಆದ್ದರಿಂದ ಮುಂದಿನ ಸಲ ಆ ಕುರ್ಚಿಯಲ್ಲಿ ಮಲಗಿದಾಗ ಎಷ್ಟೇ ದಿಗಿಲಾದರೂ ತಲೆ ಕೊಡವಬೇಡಿ, ಡಾಕ್ಟರ ಕೈ ಹಿಡಿಯಬೇಡಿ. ಎಡಗೈ ಎತ್ತಿ, ಕಾಯಿರಿ.